ಫಿನಾಯಿಲ್ ವಾಸನೆ ಬಂದರೆ ಸಾಕಾ?

ಓದುಗರೊಬ್ಬರ ಪತ್ರ: "ತಾಲ್ಲೂಕು ಆಸ್ಪತ್ರೆಯಲ್ಲಿ ಅಮ್ಮನಿಗೆ ಹರ್ನಿಯಾ ಆಪರೇಷನ್ ಆಯಿತು. ವಾರ್ಡಿನ ನೆಲ ಫಳಫಳ ಅನ್ನುತ್ತಿತ್ತು, ಫಿನಾಯಿಲ್ ವಾಸನೆಗೆ ತಲೆ ಸುತ್ತುತ್ತಿತ್ತು. ಆದರೂ ಮನೆಗೆ ಬಂದ ಮೇಲೆ ಹೊಲಿಗೆಯಲ್ಲಿ ಕೀವಾಯಿತು. ನೆಲ ಒರೆಸಿದ ಬಟ್ಟೆಯಲ್ಲೇ ಊಟ ಇಡುವ ಟೇಬಲ್ ಒರೆಸಿದ್ದನ್ನು ನಾನೇ ನೋಡಿದ್ದೇನೆ. ಕೇಳಿದ್ದಕ್ಕೆ ಆಯಾ ರೇಗಿದರು. ಅವರ ಮೇಲೆ ದೂರು ಕೊಡಲಾ? ಪ್ರೈವೇಟ್ ಆಸ್ಪತ್ರೆಗೆ ಹೋಗಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ?"

ಸಂಪಾದಕರ ಉತ್ತರ:

ಮೊದಲು ಅಮ್ಮನ ವಿಷಯ. ಕೀವು ಇನ್ನೂ ಬರುತ್ತಿದ್ದರೆ, ಹೊಲಿಗೆಯ ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರ ಇದ್ದರೆ ಒಂದು ದಿನವೂ ಕಾಯಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ. ಅರಿಶಿನ, ಪೌಡರು ಏನೂ ಹಚ್ಚಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ತರುವುದೂ ಬೇಡ.

ಆ ಕೀವಿಗೆ ಒರೆಸುವ ಬಟ್ಟೆಯೇ ಕಾರಣ ಅಂತ ಹೇಳಲು ಬರುವುದಿಲ್ಲ. ಎಷ್ಟೋ ಸಲ ರೋಗಿಯ ಚರ್ಮದ ಮೇಲೇ ಇರುವ ಕ್ರಿಮಿ ಗಾಯದೊಳಗೆ ಇಳಿಯುತ್ತದೆ. ಸರಿಯಾಗಿ ಸ್ಟೆರಿಲೈಸ್ ಆಗದ ಉಪಕರಣ, ಡ್ರೆಸ್ಸಿಂಗ್ ಬದಲಿಸಿದ ಕೈ, ಇವೂ ಕಾರಣ ಆಗಬಹುದು. ಆದರೆ ನೀವು ಗಮನಿಸಿದ್ದು ಸಣ್ಣ ವಿಷಯವಲ್ಲ. ಆಸ್ಪತ್ರೆಯ ಸ್ವಚ್ಛತೆಯನ್ನು ನಾವೆಲ್ಲ ಮೂಗಿನಿಂದ, ನೆಲದ ಹೊಳಪಿನಿಂದ ಅಳೆಯುತ್ತೇವೆ. ಕ್ರಿಮಿ ಓಡಾಡುವುದು ಜಾಸ್ತಿ ಕೈಗಳ ಮೇಲೆ. ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡು, ಸ್ವಿಚ್ಚು, ನಲ್ಲಿಯ ತಿರುಪು, ಬಾಗಿಲ ಹಿಡಿ, ಪಕ್ಕದ ಟೇಬಲ್ಲು: ಇವನ್ನು ನರ್ಸ್ ಮುಟ್ಟುತ್ತಾರೆ, ನೀವು ಮುಟ್ಟುತ್ತೀರಿ, ಪಕ್ಕದ ಮಂಚದವರನ್ನು ನೋಡಲು ಬಂದವರೂ ಮುಟ್ಟುತ್ತಾರೆ. ಎಂಆರ್‌ಎಸ್‌ಎ, ಅಸಿನೆಟೋಬ್ಯಾಕ್ಟರ್‌ನಂಥ ಹಟಮಾರಿ ಬ್ಯಾಕ್ಟೀರಿಯಾ ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರಬಲ್ಲವು. ನೆಲಕ್ಕೆ ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಮಂಚದ ಕಂಬಿ ಮುಟ್ಟದೇ ಬಿಟ್ಟರೆ ಮುಖ್ಯ ಕೆಲಸವೇ ಉಳಿದ ಹಾಗೆ.

ಒರೆಸುವುದಕ್ಕೂ ಒಂದು ಕ್ರಮ ಇದೆ. ಮೇಲಿನಿಂದ ಕೆಳಗೆ, ಕೊಳೆ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ, ಒಳಗಿನಿಂದ ಬಾಗಿಲ ಕಡೆಗೆ. ವಾರ್ಡಿನಲ್ಲಿ ಒಣ ಪೊರಕೆ ಆಡಿಸಬಾರದು, ಧೂಳಿನ ಜೊತೆ ಕ್ರಿಮಿಯೂ ಎದ್ದು ಮತ್ತೆ ಮಂಚದ ಮೇಲೆ ಕೂರುತ್ತದೆ. ಮಾಪ್ ಹಿಡಿದವರ ಹತ್ತಿರ ಮೂರು ಬಕೆಟ್ ಇರಬೇಕು: ಸೋಪಿನ ನೀರು, ಜಾಲಿಸಲು ಬರೀ ನೀರು, ಕೊನೆಗೆ ಕ್ರಿಮಿನಾಶಕ. ಒಂದೇ ಬಕೆಟ್‌ನಲ್ಲಿ ಅದ್ದಿ ಅದ್ದಿ ಒರೆಸಿದರೆ ಮೊದಲ ಮಂಚದ ಕೊಳೆ ಹತ್ತನೇ ಮಂಚದವರೆಗೆ ಪ್ರಯಾಣ ಮಾಡುತ್ತದೆ. ಶೌಚಾಲಯದ ಮಾಪ್ ಅಲ್ಲಿಂದ ಆಚೆ ಬರಲೇಬಾರದು. ಕೆಲಸ ಮುಗಿದ ಮೇಲೆ ಮಾಪ್ ತೊಳೆದು ಬಿಸಿಲಿಗೆ ಹಾಕಬೇಕು. ಒದ್ದೆ ಮಾಪನ್ನು ರಾತ್ರಿಯಿಡೀ ಬಕೆಟ್‌ನಲ್ಲೇ ಬಿಟ್ಟರೆ ಬೆಳಿಗ್ಗೆ ವಾರ್ಡಿಗೆಲ್ಲ ಕ್ರಿಮಿ ಬಳಿದಂತೆಯೇ.

ಕ್ರಿಮಿನಾಶಕದ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ರಕ್ತ ಚೆಲ್ಲಿದಾಗ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಶೇ 1ರ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ಇರುವ ಬ್ಲೀಚ್ ದ್ರಾವಣ. ಕ್ಯಾನ್ ಮೇಲೆ ಶೇ 5 ಅಂತ ಇದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಶೇ 10 ಇದ್ದರೆ ಒಂಬತ್ತು ಪಾಲು. ಕಣ್ಣಂದಾಜು ನಡೆಯುವುದಿಲ್ಲ. ಬೆಳಕು, ಬಿಸಿಗೆ ಅದರ ಶಕ್ತಿ ಇಳಿಯುತ್ತದೆ, ಹಾಗಾಗಿ ದಿನಾ ಹೊಸದಾಗಿ ಕಲಸಬೇಕು. ಚೆಲ್ಲಿದ ರಕ್ತವನ್ನು ಗ್ಲೌಸ್ ಹಾಕಿಕೊಂಡು ಬಟ್ಟೆ ಅಥವಾ ಕಾಗದದಿಂದ ಮುಚ್ಚಿ, ಮೇಲೆ ಈ ದ್ರಾವಣ ಸುರಿದು, ಕನಿಷ್ಠ 10 ನಿಮಿಷ ಬಿಡಬೇಕು. ಆಮೇಲೆ ಅದನ್ನೆಲ್ಲ ಎತ್ತಿ ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿ, ಜಾಗ ಒರೆಸಬೇಕು. ಸುರಿದ ತಕ್ಷಣ ಒರೆಸಿಬಿಟ್ಟರೆ ಔಷಧ ಕೆಲಸ ಮಾಡುವ ಮೊದಲೇ ಬಕೆಟ್ ಸೇರುತ್ತದೆ. ಮಾಮೂಲಿ ಕೊಳೆಗೂ ಅಷ್ಟೇ: ಮೊದಲು ಸೋಪಿನ ನೀರು, ಆಮೇಲೆ ಕ್ರಿಮಿನಾಶಕ. ಕೊಳೆಯ ಮೇಲೇ ಕ್ಲೋರಿನ್ ಹಾಕಿದರೆ ಕೊಳೆಯೇ ಅದನ್ನು ತಿಂದುಹಾಕುತ್ತದೆ.

ಈಗ ಆ ಆಯಾ ಬಗ್ಗೆ. ದಯವಿಟ್ಟು ಅವರ ಹೆಸರು ಹಾಕಿ ದೂರು ಕೊಡಬೇಡಿ. ಈ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಗುತ್ತಿಗೆಯವರು. ಮೇಲೆ ಬರೆದದ್ದನ್ನೆಲ್ಲ ಅವರಿಗೆ ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದಾರಾ? ಟೇಬಲ್ಲಿಗೆ ಬೇರೆ, ನೆಲಕ್ಕೆ ಬೇರೆ ಬಟ್ಟೆ ಕೊಟ್ಟಿದ್ದಾರಾ? ದಪ್ಪ ಗ್ಲೌಸ್, ಗಂಬೂಟು? ತಪ್ಪು ಡಬ್ಬಕ್ಕೆ ಬಿದ್ದ ಸೂಜಿ ಮೊದಲು ಚುಚ್ಚುವುದು ಇವರ ಕೈಗೇ. ಆಸ್ಪತ್ರೆ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲೇ ಇದೆ. ಬಳಸಿದ ಸೂಜಿ ಹೋಗಬೇಕಾದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ಅದನ್ನು ಅಲ್ಲಿಗೆ ಹಾಕುವ ಜವಾಬ್ದಾರಿ ಸೂಜಿ ಬಳಸಿದವರದು, ಕಸ ಎತ್ತುವವರದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ ನನಗೆ.

ಪ್ರೈವೇಟ್ ಆಸ್ಪತ್ರೆ ಅಂದ ಮಾತ್ರಕ್ಕೆ ಸೋಂಕು ಹತ್ತಿರ ಬರುವುದಿಲ್ಲ ಅಂತೇನಿಲ್ಲ. ಎ.ಸಿ., ಗ್ರಾನೈಟ್ ನೆಲ ನೋಡಿ ತೀರ್ಮಾನಿಸಬೇಡಿ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ ಡಾಕ್ಟರು, ನರ್ಸು ಕೈ ಶುಚಿ ಮಾಡಿಕೊಳ್ಳುತ್ತಾರಾ ನೋಡಿ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗ್ಲೌಸ್ ಹಾಕಿಕೊಂಡರೆ ಕೈ ತೊಳೆಯುವುದು ತಪ್ಪುವುದಿಲ್ಲ. ಒಂದೇ ಗ್ಲೌಸಿನಲ್ಲಿ ಎರಡು ಮಂಚ ಸುತ್ತಿದರೆ ಬರಿಗೈಗಿಂತ ಏನೂ ಮೇಲಲ್ಲ. "ಕೈ ತೊಳೆದ್ರಾ ಸಿಸ್ಟರ್?" ಅಂತ ನಯವಾಗಿ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಹಾಗೇ ನೀವೂ ಪಕ್ಕದ ರೋಗಿಯ ಮಂಚದ ಮೇಲೆ ಕೂರಬೇಡಿ, ಅಮ್ಮನ ಬ್ಯಾಂಡೇಜ್ ಎತ್ತಿ ಎತ್ತಿ ನೋಡಬೇಡಿ.

ದೂರನ್ನು ಖಂಡಿತ ಕೊಡಿ, ಆದರೆ ಮುಖ್ಯ ವೈದ್ಯಾಧಿಕಾರಿಗೆ ಬರೆಯಿರಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಒಂದು ಪ್ರತಿ ಕೊಡಿ. ಯಾವ ದಿನ, ಯಾವ ವಾರ್ಡು, ಏನು ನೋಡಿದಿರಿ ಅಷ್ಟೇ ಬರೆಯಿರಿ. ಹೊಲಿಗೆ ಸೋಂಕಾದದ್ದನ್ನೂ ತಪ್ಪದೆ ತಿಳಿಸಿ, ಮನೆಗೆ ಹೋದ ಮೇಲೆ ಆಗುವ ಸೋಂಕು ಆಸ್ಪತ್ರೆಯ ಲೆಕ್ಕಕ್ಕೆ ಬರಬೇಕಾದರೆ ನಿಮ್ಮಂಥವರು ಹೇಳಲೇಬೇಕು. ಜೊತೆಗೆ ಟೇಬಲ್ಲಿಗೆ ಬೇರೆ ಬಣ್ಣದ ಬಟ್ಟೆ, ಮೂರು ಬಕೆಟ್, ಸ್ವಚ್ಛತಾ ಸಿಬ್ಬಂದಿಗೆ ತರಬೇತಿ ಮತ್ತು ಲಸಿಕೆ ಬೇಕು ಅಂತ ಕೇಳಿ. ಪತ್ರ ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ, ಉತ್ತರ ಬಂದರೆ ನಮಗೂ ಬರೆಯಿರಿ.