ಹಸು ಬ್ಯಾಂಕಿಗೆ ಹೋದದ್ದು ಕನಸು ಎಂದು ಬರೆಯಬೇಡಿ

ಮಕ್ಕಳಿಗಾಗಿ ನೀವು ಬರೆಯುತ್ತಿರುವ ಚಿತ್ರಪುಸ್ತಕದ ಕಥೆಯಲ್ಲಿ ಹಸುವೊಂದು ಛತ್ರಿ ಹಿಡಿದು ಬ್ಯಾಂಕಿಗೆ ಹೋಗುತ್ತದೆ. ನಾಲ್ಕೈದು ವರ್ಷದ ಮಕ್ಕಳಿಗೆ ಗೊಂದಲವಾಗದಂತೆ ಕೊನೆಯಲ್ಲಿ ಅದನ್ನು ಕನಸು ಎನ್ನಲೇ, ಮಂತ್ರ ಎನ್ನಲೇ, ನೀತಿಯೊಂದನ್ನು ಸೇರಿಸಲೇ ಎಂದು ಕೇಳಿದ್ದೀರಿ. ಮೂರೂ ಬೇಡ. ನಾನು ಮೊದಲನೆಯದನ್ನು ಆರಿಸಿಕೊಂಡಿದ್ದೆ.

ನನ್ನ ಕಥೆಯಲ್ಲಿ ನೆಗಡಿಯಾಗಿದ್ದದ್ದು ಒಂದು ಬಸ್ಸಿಗೆ. ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಹೊರಟ ಬಸ್ಸು ಕಾರ್ಪೊರೇಷನ್ ಬಳಿ ಮೊದಲ ಸಲ ಸೀನುತ್ತದೆ. ಪ್ರಯಾಣಿಕರೆಲ್ಲ ಕಿಟಕಿಗಳಿಂದ ಹಾರಿ, ಎದುರಿಗೆ ಬರುತ್ತಿದ್ದ ಬಸ್ಸಿನ ಸೀಟುಗಳಲ್ಲಿ ಸಾಲಾಗಿ ಕುಳಿತುಬಿಡುತ್ತಾರೆ. ಅಲ್ಲಿನ ಕಂಡಕ್ಟರ್ ತಡಮಾಡದೆ ಟಿಕೆಟ್ ಕೇಳುತ್ತಾನೆ. ಮಿನರ್ವ ವೃತ್ತದಲ್ಲಿ ಇನ್ನೊಂದು ಸೀನು, ಎಲ್ಲರೂ ಮರಳಿ ಹಳೆಯ ಬಸ್ಸಿಗೆ. ‘ನನಗೆ ಚಿಲ್ಲರೆ ಬರಬೇಕಿತ್ತು’ ಎಂದು ಒಬ್ಬ ಅಜ್ಜಿ ಜಗಳ ತೆಗೆಯುತ್ತಾಳೆ. ಲಾಲ್‌ಬಾಗ್ ತಲುಪುವ ಹೊತ್ತಿಗೆ ಅದೇ ಅಜ್ಜಿ ಬಸ್ಸನ್ನು ನಿಲ್ಲಿಸಿ, ಡೀಸೆಲ್ ಟ್ಯಾಂಕಿಗೆ ಶುಂಠಿ ಕಷಾಯ ಹುಯ್ದು, ಹೆಡ್‌ಲೈಟುಗಳ ಮೇಲೆ ಮಫ್ಲರ್ ಸುತ್ತುತ್ತಾಳೆ.

ಅಲ್ಲಿಗೆ ಕಥೆ ಮುಗಿದಿತ್ತು. ಆದರೆ ಪೋಷಕರು ‘ಇದೆಂಥ ಕಥೆ?’ ಎಂದಾರೆಂಬ ಭಯದಿಂದ ಕೊನೆಗೊಂದು ಚಿತ್ರದ ಚೌಕ ಸೇರಿಸಿದೆ: ಹುಡುಗನೊಬ್ಬ ಹಾಸಿಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದಾನೆ, ತಾಯಿ ‘ಏಳು ಪುಟ್ಟ, ಶಾಲೆಗೆ ಹೊತ್ತಾಯಿತು’ ಎನ್ನುತ್ತಿದ್ದಾಳೆ. ಪುಸ್ತಕ ಅಚ್ಚಾಯಿತು. ಒಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಮಕ್ಕಳಿಗೆ ಓದಿ ಹೇಳಿದೆ. ಪ್ರತಿ ಸೀನಿಗೂ ಅವರೂ ಸೀನಿದರು, ಹುಲ್ಲಿನ ಮೇಲೆ ಹಿಂದಕ್ಕೆ ಬಿದ್ದರು. ಕೊನೆಯ ಚೌಕ ಬಂದಾಗ ಯಾರೂ ನಗಲಿಲ್ಲ. ಒಬ್ಬಳು ಪುಟ್ಟ ಹುಡುಗಿ ಕೇಳಿದಳು: ‘ಹಾಗಾದರೆ ಬಸ್ಸಿಗೆ ನೆಗಡಿ ವಾಸಿಯಾಯಿತೋ ಇಲ್ಲವೋ?’

ಇದಕ್ಕೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಏಕೆಂದರೆ ನನ್ನದೇ ಕೊನೆಯ ಚೌಕದ ಪ್ರಕಾರ ಬಸ್ಸಿಗೆ ನೆಗಡಿ ಬಂದೇ ಇರಲಿಲ್ಲ. ಅಜ್ಜಿ ಕಷಾಯ ಕಾಸಿರಲಿಲ್ಲ, ಆಕೆಗೆ ಬರಬೇಕಾದ ಚಿಲ್ಲರೆಯೂ ಇರಲಿಲ್ಲ. ಮಕ್ಕಳು ಅಷ್ಟು ಹೊತ್ತು ಯಾರ ಚಿಂತೆ ಮಾಡಿದ್ದರೋ ಅವರನ್ನೆಲ್ಲ ಒಂದೇ ಚಿತ್ರದಲ್ಲಿ ಅಳಿಸಿ, ಆ ಜಾಗದಲ್ಲಿ ಹಿಂದಿನ ಯಾವ ಪುಟದಲ್ಲೂ ಇಲ್ಲದ ಹುಡುಗನನ್ನು ಕೂರಿಸಿದ್ದೆ. ಬಸ್ಸು ಸೀನಿದಾಗ ಯಾವ ಮಗುವಿಗೂ ಗೊಂದಲವಾಗಿರಲಿಲ್ಲ. ಗೊಂದಲ ಹುಟ್ಟಿದ್ದು ನನ್ನ ಸಮಜಾಯಿಷಿಯಿಂದ. ಪ್ರಕಾಶಕರು ಎರಡನೆಯ ಕಥೆ ಕೇಳಿದ್ದರು: ನೆಗಡಿ ಇಡೀ ಡಿಪೋಗೆ ಅಂಟಿಕೊಳ್ಳುವ ಕಥೆ. ಬರೆಯಲು ಕುಳಿತರೆ ಬಸ್ಸೇ ಇಲ್ಲ! ಮತ್ತೆ ಅದೇ ಹುಡುಗನನ್ನು ಮಲಗಿಸಬೇಕಿತ್ತು. ಮಾಲಿಕೆ ಅಲ್ಲಿಗೇ ನಿಂತಿತು.

1905ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಶುರುವಾದ ವಿನ್ಸರ್ ಮೆಕೇ ಅವರ ಕಾಮಿಕ್ಸ್ ಮಾಲಿಕೆ ‘ಲಿಟಲ್ ನೀಮೊ’ ಕೂಡ ಪ್ರತಿ ಸಲ ಹುಡುಗ ಎಚ್ಚರಗೊಳ್ಳುವುದರೊಂದಿಗೆ ಮುಗಿಯುತ್ತದಲ್ಲ ಎಂದು ನೀವು ಕೇಳಬಹುದು. ಮುಗಿಯುತ್ತದೆ. ಆದರೆ ಅಲ್ಲಿ ಹುಡುಗ ನಿದ್ರಾಲೋಕಕ್ಕೆ ಹೊರಟವನೆಂದು ಓದುಗರಿಗೆ ಮೊದಲೇ ಗೊತ್ತು, ಮುಂದಿನ ವಾರ ಅವನು ಮತ್ತೆ ಅದೇ ಲೋಕಕ್ಕೆ ಹೋಗುತ್ತಾನೆ. ಅದು ಕಥೆಯ ಕರಾರು. ನಾನು ಮಾಡಿದ್ದು, ನಂಬಿಸಿ ಕೊನೆಯಲ್ಲಿ ಕೈಕೊಡುವುದು.

ಮಗು ತಪ್ಪು ಕಲಿತೀತೆಂಬ ಚಿಂತೆಯನ್ನೇ ಬಿಡಿ. ರಷ್ಯಾದ ಮಕ್ಕಳ ಕವಿ ಕೊರ್ನೇಯ್ ಚುಕೋವ್‌ಸ್ಕಿ ತಮ್ಮ ಮಗಳ ಬಗ್ಗೆ ಬರೆದಿದ್ದಾರೆ. ಎರಡು ವರ್ಷವೂ ತುಂಬದ ಅವಳು ಒಂದು ದಿನ ಬಂದು ‘ನಾಯಿ ಮಿಯಾಂವ್’ ಎಂದು ಹೇಳಿ ನಕ್ಕಳಂತೆ. ನಾಯಿ ಬೊಗಳುತ್ತದೆಂದು ಅವಳಿಗೆ ಖಚಿತವಾಗಿ ಗೊತ್ತಿದ್ದರಿಂದಲೇ ಅದು ತಮಾಷೆಯಾಯಿತು. ಸರಿಯಾದದ್ದು ಗೊತ್ತಿಲ್ಲದ ಮಗು ತಲೆಕೆಳಗಾದದ್ದಕ್ಕೆ ನಗುವುದಿಲ್ಲ. ನಮ್ಮಲ್ಲಿ ಅವಲಕ್ಕಿ ಪವಲಕ್ಕಿ ಆಡುವ ಮಕ್ಕಳು ಟಸ್ಸು ಪುಸ್ಸು ಎಂದರೇನೆಂದು ಯಾರನ್ನಾದರೂ ಕೇಳುತ್ತಾರೆಯೇ?

ನಿಮ್ಮ ಹಸುವಿನ ಕಥೆಯಲ್ಲಿ ನನಗೆ ಕೊರತೆ ಕಾಣುವುದು ಬೇರೆ ಕಡೆ. ಹಸುವನ್ನು ಕಂಡು ಬ್ಯಾಂಕಿನಲ್ಲಿ ಎಲ್ಲರೂ ಬೆಚ್ಚಿಬೀಳುತ್ತಾರೆ ಎಂದಿದ್ದೀರಿ. ಬೀಳಬಾರದು. ಹಸು ಒಂದೇ ಅಸಂಬದ್ಧವಾಗಿರಲಿ, ಉಳಿದ ಬ್ಯಾಂಕು ನಿಜವಾದ ಬ್ಯಾಂಕಿನಂತೆಯೇ ನಡೆಯಲಿ: ಟೋಕನ್, ದಾರ ಕಟ್ಟಿದ ಪೆನ್ನು, ‘ಮೇಡಂ, ನಿಮ್ಮ ಸಹಿ ಹೊಂದುತ್ತಿಲ್ಲ’ ಎನ್ನುವ ಗುಮಾಸ್ತ. ದೊಡ್ಡವರು ಗಂಭೀರವಾಗಿದ್ದಷ್ಟೂ ಮಗು ನಗುತ್ತದೆ, ಏಕೆಂದರೆ ಆ ಕೋಣೆಯಲ್ಲಿ ಹಸುವನ್ನು ಹಸುವೆಂದು ಗುರುತಿಸಿದ್ದು ಅದೊಂದೇ. ಛತ್ರಿ, ಹಸು, ಜೊತೆಗೆ ಹಾರುವ ಮ್ಯಾನೇಜರ್, ಮಾತನಾಡುವ ಗಡಿಯಾರ ಎಂದು ಪೇರಿಸುತ್ತ ಹೋದರೆ ಯಾವುದು ವಿಚಿತ್ರವೆಂದು ತಿಳಿಯುವುದೇ ಇಲ್ಲ.

ಪುಟ ತಿರುಗುವ ಜಾಗವನ್ನು ದಯವಿಟ್ಟು ಲೆಕ್ಕ ಹಾಕಿ. ನನ್ನ ಪುಸ್ತಕದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಅದೇ. ಬಲಪುಟದ ಕೆಳಗೆ ಬಸ್ಸಿನ ಮೂತಿ ಉಬ್ಬಿ ‘ಆ…’, ಹಾಳೆ ತಿರುಗಿಸಿದರೆ ಎಡಪುಟದ ತುಂಬ ‘ಕ್ಷೀ!’. ಎರಡೂ ಒಂದೇ ಪುಟದಲ್ಲಿದ್ದರೆ ಸೀನು ಬರುವುದು ಮೊದಲೇ ಕಾಣಿಸುತ್ತದೆ. ಸೀನಿನ ನಂತರದ ಚೌಕದಲ್ಲಿ ಮಾತು ಹಾಕಬೇಡಿ. ಮಗು ಅಲ್ಲಿ ಯಾರ ಚಪ್ಪಲಿ ಎಲ್ಲಿ ಬಿತ್ತೆಂದು ಹುಡುಕುತ್ತಿರುತ್ತದೆ.

ಶ್ಲೇಷೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ನನ್ನ ಕಂಡಕ್ಟರನ ಹೆಸರು ಸೀನು. ಅದಕ್ಕೆ ನಕ್ಕವರು ಅಕ್ಕ-ಅಣ್ಣಂದಿರು ಮಾತ್ರ. ಮಕ್ಕಳ ಹಾಸ್ಯವನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಾಲ್ ಮೆಕ್‌ಗೀ ಕೂಡ ಎರಡರ್ಥದ ಮಾತಿನ ತಮಾಷೆಯನ್ನು 7 ವರ್ಷದ ಆಸುಪಾಸಿಗೆ ಇಡುತ್ತಾರೆ. ಚಿತ್ರದಲ್ಲಿ ಕಾಣುವ ಅಸಂಬದ್ಧಕ್ಕೆ ಅಷ್ಟು ಕಾಯಬೇಕಿಲ್ಲ.

ಅಚ್ಚಿಗೆ ಕೊಡುವ ಮೊದಲು ಜೆರಾಕ್ಸ್ ಹಾಳೆಗಳನ್ನು ಸ್ಟೇಪ್ಲರ್ ಹಾಕಿ ಹೊಲಿದು, ನಿಮ್ಮ ಪರಿಚಯವಿಲ್ಲದ ಮಕ್ಕಳ ಮುಂದೆ ಓದಿ. ‘ಹಸು ಯಾಕೆ ಬ್ಯಾಂಕಿಗೆ ಹೋಯಿತು?’ ಎಂದು ಅವರು ಕೇಳಿದರೆ ‘ಪಾಸ್‌ಬುಕ್ ಎಂಟ್ರಿ ಮಾಡಿಸಲು’ ಎಂದಷ್ಟೇ ಹೇಳಿ ಮುಂದಿನ ಪುಟ ತಿರುಗಿಸಿ.