ನೆರೆಮನೆಯವರು ಕೊಟ್ಟ ಪೊಟ್ಟಣ

ಕಾಪುವಿನ ಹುಡುಗರೊಬ್ಬರು ಕೇಳಿದ್ದಾರೆ: “ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದೇನೆ. ಮಂಗಳೂರಿನಿಂದ ಅಬುಧಾಬಿ, ಅಲ್ಲಿಂದ ನ್ಯೂಯಾರ್ಕ್. ಗಡಿಯಲ್ಲಿ ಮೊಬೈಲ್, ಲ್ಯಾಪ್‌ಟಾಪ್ ತೆರೆಸಿ ನೋಡುತ್ತಾರಂತೆ. ವಾಟ್ಸ್‌ಆ್ಯಪ್ ಅಳಿಸಿಬಿಡಲೇ? ಅಮ್ಮನಿಗೆ ನಿದ್ದೆ ಇಲ್ಲ. ಹಾಗೆಯೇ, ಮಿಕ್ಸರ್ ತರಬಹುದೇ?”

ನಾನು ಕಲ್ಯಾಣಪುರದವಳು, ನ್ಯೂಜೆರ್ಸಿ ಸೇರಿ ಹದಿನೇಳು ವರ್ಷವಾಯಿತು. ಸದ್ಯ ರಜೆಯಲ್ಲಿ ಊರಿನಲ್ಲಿದ್ದೇನೆ. ಹೊರಗೆ ಆಟಿಯ ಮಳೆ, ಬೆಳಗಿನಿಂದ ಕರೆಂಟು ಮೂರು ಸಲ ಹೋಗಿ ಬಂದಿದೆ, ಮಾಡಲು ಬೇರೆ ಕೆಲಸವಿಲ್ಲ. ಉತ್ತರ ಉದ್ದವಾದರೆ ಮಳೆಯನ್ನು ಬೈದುಕೊಳ್ಳಿ.

ಮೊದಲು ಅಮ್ಮನ ನಿದ್ದೆಯ ವಿಚಾರ. 2024ರ ಹಣಕಾಸು ವರ್ಷದಲ್ಲಿ ಅಮೆರಿಕದ ಗಡಿ ದಾಟಿ ಒಳಗೆ ಬಂದವರು ಸುಮಾರು 42 ಕೋಟಿ ಜನ. ಅಲ್ಲಿನ ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಇಲಾಖೆ ತೆರೆದು ನೋಡಿದ ಫೋನು, ಲ್ಯಾಪ್‌ಟಾಪುಗಳು ಸುಮಾರು 47 ಸಾವಿರ. ಹೆಚ್ಚುಕಡಿಮೆ ಒಂಬತ್ತು ಸಾವಿರ ಜನಕ್ಕೆ ಒಂದು. ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವದ ದಿನ ರಥಬೀದಿಯಲ್ಲಿ ಕಿಕ್ಕಿರಿದವರ ನಡುವಿನಿಂದ ನಾಲ್ಕೈದು ಮಂದಿಯನ್ನು ಪಕ್ಕಕ್ಕೆ ಕರೆದ ಹಾಗೆ. ಆ ನಾಲ್ಕೈದರಲ್ಲಿ ನೀವೇ ಒಬ್ಬರಾದರೆ ಈ ಲೆಕ್ಕದಿಂದ ಏನೂ ಸಮಾಧಾನವಾಗುವುದಿಲ್ಲ, ಅದೂ ಸರಿ. ಇಷ್ಟು ವರ್ಷಗಳ ಓಡಾಟದಲ್ಲಿ ನಾನು ಸಿಕ್ಕಿಬಿದ್ದದ್ದು ಒಮ್ಮೆ ಮಾತ್ರ. ಅದೂ ನನ್ನದಲ್ಲದ ವಸ್ತುವಿನಿಂದ.

ನಮ್ಮ ಕರಾವಳಿಯ ಸಂಪ್ರದಾಯ ನಿಮಗೆ ಗೊತ್ತು. ಒಬ್ಬರು ಹೊರದೇಶಕ್ಕೆ ಹೊರಟಿದ್ದಾರೆಂದರೆ ಹಿಂದಿನ ಸಂಜೆ ಅಂಗಳದಲ್ಲಿ ಪೊಟ್ಟಣಗಳ ಮೆರವಣಿಗೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತಂಗಿಯ ಮಗಳಿಗೆ ಒಂದು ಜೊತೆ ಬಳೆ. “ಇಷ್ಟೇ ಇಷ್ಟು, ಭಾರವೇ ಇಲ್ಲ” ಎನ್ನುತ್ತಾ ಎರಡು ಕಿಲೋ ಕೈಗಿಡುತ್ತಾರೆ. ದುಬೈಯಲ್ಲಿ ದುಡಿಯುತ್ತಿದ್ದ ನನ್ನ ಚಿಕ್ಕಪ್ಪ ಯಾರು ಏನೇ ಕೊಟ್ಟರೂ ಅವರ ಎದುರಿಗೇ ದಾರ ಬಿಚ್ಚಿ, ಮೂಸಿ ನೋಡಿ, ಮತ್ತೆ ಕಟ್ಟುತ್ತಿದ್ದರು. ನೆಂಟರು ಮುಖ ಊದಿಸಿಕೊಳ್ಳುತ್ತಿದ್ದರು. ನಮ್ಮ ಅಡುಗೆಮನೆಯ ಗಸಗಸೆಗೆ ಅಲ್ಲಿ ಜೈಲು ಕಾದಿರುತ್ತದೆ ಎಂಬುದು ಚಿಕ್ಕಪ್ಪನಿಗೆ ತಿಳಿದಿತ್ತು, ಮುಖ ಊದಿಸಿಕೊಂಡವರಿಗೆ ತಿಳಿದಿರಲಿಲ್ಲ.

ನಾನು ಚಿಕ್ಕಪ್ಪನಷ್ಟು ಗಟ್ಟಿಯಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಸಂತೆಕಟ್ಟೆಯ ಪರಿಚಯದವರೊಬ್ಬರು ಒಂದು ಹಾರ್ಡ್ ಡಿಸ್ಕ್ ಕೊಟ್ಟರು. ಕಪ್ಪು ಬಣ್ಣದ್ದು, ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದರು. ಮಗನ ಮದುವೆಯ ವಿಡಿಯೋ, ತಂಗಿಗೆ ತಲುಪಿಸಬೇಕು. ಯಾವ ದೇಶದ ಯಾವ ನಿಲ್ದಾಣ ಎಂಬುದು ಬೇಡ. ಅಧಿಕಾರಿ ಚೀಲ ತೆರೆದು ಅದನ್ನು ಮೇಜಿನ ಮೇಲಿಟ್ಟರು.

“ಇದು ನಿಮ್ಮದೇ?”

“ಅಲ್ಲ.”

“ಇದರಲ್ಲಿ ಏನಿದೆ?”

“ಮದುವೆ.”

“ನೀವು ನೋಡಿದ್ದೀರಾ?”

“ಇಲ್ಲ.”

ಅವರು ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ನನ್ನ ಮುಖ ನೋಡಿದರು. ಡಿಸ್ಕಿಗೆ ಪಾಸ್‌ವರ್ಡ್ ಇತ್ತು, ನನಗೆ ಗೊತ್ತಿರಲಿಲ್ಲ. ಸಂತೆಕಟ್ಟೆಯಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ, ಫೋನ್ ಎತ್ತುವವರಿಲ್ಲ. ಎರಡು ತಾಸು ಗೋಡೆಯ ಗಡಿಯಾರ ನೋಡುತ್ತಾ ಕುಳಿತೆ. ಕೊನೆಗೆ ಡಿಸ್ಕ್ ಅಲ್ಲಿಯೇ ಉಳಿಯಿತು, ನನ್ನ ಕೈಗೆ ಒಂದು ರಶೀದಿ ಬಂತು. ಅವರು ಕೂಗಾಡಲಿಲ್ಲ, ಅವಮಾನಿಸಲಿಲ್ಲ. ಏನಿದೆಯೆಂದು ತಿಳಿಯದ ವಸ್ತುವನ್ನು ಹೊತ್ತು ದೇಶದಿಂದ ದೇಶಕ್ಕೆ ಹೋದವಳು ನಾನು.

ಈಗ ನಿಮ್ಮ ಫೋನನ್ನು ಕೈಗೆತ್ತಿಕೊಂಡು ನೋಡಿ. ಅದರಲ್ಲಿ ನೀವೇ ಕಟ್ಟಿದ ಸಾಮಾನು ಎಷ್ಟು? ಕುಟುಂಬದ ಗುಂಪು, ಹಳೆಯ ಸಹಪಾಠಿಗಳ ಗುಂಪು, ಕ್ರಿಕೆಟ್ ತಂಡದ್ದು, ಯಕ್ಷಗಾನ ಮೇಳದ್ದು, ಹೆಸರು ಮರೆತುಹೋದ ಇನ್ನೆರಡು. ಯಾರೋ ಕಳುಹಿಸಿದ ಹೊಡೆದಾಟದ ವಿಡಿಯೋ, ಯಾವುದೋ ಚುನಾವಣೆಯ ವಿಷಕಾರಿ ಚಿತ್ರ, ಬಂದೂಕು ಹಿಡಿದ ಯಾರದೋ ಫೋಟೊ, ಎಲ್ಲವೂ ತಾನಾಗಿಯೇ ಇಳಿದು ನಿಮ್ಮ ಗ್ಯಾಲರಿಯಲ್ಲಿ ಅಕ್ಕನ ಸೀಮಂತದ ಚಿತ್ರಗಳ ಪಕ್ಕ ಕುಳಿತಿವೆ. ನೀವು ತೆರೆದೂ ನೋಡಿಲ್ಲ. ವಿಮಾನ ನಿಲ್ದಾಣದಲ್ಲಿ “ಈ ಚೀಲ ನೀವೇ ಕಟ್ಟಿದ್ದೇ?” ಎಂದು ಕೇಳುತ್ತಾರಲ್ಲ, ಅದೇ ಪ್ರಶ್ನೆಯನ್ನು ಫೋನಿನ ಬಗ್ಗೆ ಕೇಳಿದರೆ ನಮ್ಮಲ್ಲಿ ಯಾರೂ ಹೌದು ಎನ್ನುವ ಸ್ಥಿತಿಯಲ್ಲಿಲ್ಲ. ನೆರೆಮನೆಯವರು ಕೊಟ್ಟ ಪೊಟ್ಟಣ ಈಗ ಅಂಗಳಕ್ಕೆ ಬರುವುದಿಲ್ಲ, ರಾತ್ರಿ ಮಲಗಿರುವಾಗ ಜೇಬಿಗೆ ಬೀಳುತ್ತದೆ.

ಫೋನಿನ ಒಂದು ಸಾಲು ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಬಜಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿಯೇ ಮುಂಬೈಗೆ ಹೊರಟ ವಿಮಾನ ಆರು ತಾಸಿನಷ್ಟು ತಡವಾಯಿತು. ಒಬ್ಬ ಯುವಕ ಅದೇ ನಿಲ್ದಾಣದಿಂದ ಬೆಂಗಳೂರಿಗೆ ಹೊರಟಿದ್ದ ಗೆಳತಿಯ ಜೊತೆ ಭದ್ರತೆಯ ಬಗ್ಗೆ ತಮಾಷೆಯ ಸಂದೇಶ ಕಳುಹಿಸಿಕೊಳ್ಳುತ್ತಿದ್ದ. ಅದು ಸಹಪ್ರಯಾಣಿಕರೊಬ್ಬರ ಕಣ್ಣಿಗೆ ಬಿತ್ತು. 185 ಜನರನ್ನು ಕೆಳಗಿಳಿಸಿ ಸಾಮಾನೆಲ್ಲ ಮತ್ತೆ ಜಾಲಾಡಿದರು. ತಮಾಷೆ ಯಾರಿಗೂ ಅರ್ಥವಾಗಲಿಲ್ಲ.

ಇನ್ನು ಅಮೆರಿಕದ ಗಡಿಯ ಕಾನೂನು. ಹಡಗುಗಳನ್ನು ಹತ್ತಿ ಸುಂಕದ ಸರಕು ಹುಡುಕುವ ಅಧಿಕಾರ ಅಲ್ಲಿ 1789ರಷ್ಟು ಹಳೆಯದು. ಲ್ಯಾಪ್‌ಟಾಪನ್ನೂ ಆ ಹಡಗಿನ ಪೆಟ್ಟಿಗೆಗಳ ಸಾಲಿಗೆ ಸೇರಿಸಿದ್ದಾರೆ ಎಂದುಕೊಳ್ಳಿ. ದೇಶದೊಳಗೆ ಪೊಲೀಸರು ಬಂಧಿಸಿದವರ ಫೋನ್ ನೋಡಬೇಕಾದರೆ ವಾರಂಟ್ ಬೇಕು ಎಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಗಡಿಯಲ್ಲಿ ಅಧಿಕಾರಿಗಳು ವಾರಂಟ್ ಇಲ್ಲದೆಯೇ ನೋಡುತ್ತಾರೆ. ಇಲಾಖೆಯ 2018ರ ನಿಯಮದಲ್ಲಿ ಎರಡು ಬಗೆ ಇದೆ. ಒಂದು, ಅಧಿಕಾರಿ ಕೈಯಲ್ಲಿ ಹಿಡಿದು ಚಿತ್ರ, ಸಂದೇಶಗಳನ್ನು ಸರಿಸುತ್ತಾ ನೋಡುವುದು. ಇದಕ್ಕೆ ಅನುಮಾನದ ಕಾರಣವನ್ನೂ ಕೊಡಬೇಕಿಲ್ಲ. ಇನ್ನೊಂದು, ಉಪಕರಣಕ್ಕೆ ಜೋಡಿಸಿ ಒಳಗಿನದನ್ನು ಇಳಿಸಿಕೊಂಡು ಶೋಧಿಸುವುದು. ಇದಕ್ಕೆ ಸಕಾರಣವಾದ ಅನುಮಾನ ಅಥವಾ ದೇಶದ ಭದ್ರತೆಯ ಪ್ರಶ್ನೆ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಎರಡರಲ್ಲಿಯೂ ಸಾಧನದೊಳಗೆ ಇರುವುದನ್ನಷ್ಟೇ ನೋಡಬೇಕು. ಫೋನನ್ನು ಜಾಲದಿಂದ ಕಡಿದು ನೋಡಬೇಕು, ಕ್ಲೌಡ್‌ನಲ್ಲಿರುವುದನ್ನು ಎಳೆದು ತರುವಂತಿಲ್ಲ. ಇಟ್ಟುಕೊಂಡರೆ ಸಾಮಾನ್ಯವಾಗಿ ಐದು ದಿನ, ಹೆಚ್ಚಿಗೆ ಬೇಕಾದರೆ ಮತ್ತೆ ಅನುಮತಿ. ರಶೀದಿ ಕೇಳಿ ಪಡೆಯಿರಿ.

ಈ ನಿಯಮ ಎಲ್ಲರಿಗೂ ಒಂದೇ, ಪರಿಣಾಮ ಮಾತ್ರ ಒಂದೇ ಅಲ್ಲ. ನಾನು ಈಗ ಆ ದೇಶದ ಪ್ರಜೆ. ಪಾಸ್‌ವರ್ಡ್ ಕೊಡುವುದಿಲ್ಲ ಎಂದರೆ ಫೋನ್ ಕಳೆದುಕೊಂಡೇನು, ಕೆಲವು ತಾಸು ಕಾದೇನು, ಮನೆಗೆ ಹೋಗುವುದನ್ನು ತಡೆಯಲಾಗದು. ನೀವು ವಿದ್ಯಾರ್ಥಿ ವೀಸಾದಲ್ಲಿ ಬರುವವರು. ನೀವು ಅದೇ ಮಾತು ಹೇಳಿದರೆ ಬಂದ ದಾರಿಯಲ್ಲಿಯೇ ಹಿಂದೆ ಕಳುಹಿಸಬಹುದು. ಹಕ್ಕುಗಳ ಬಗ್ಗೆ ಬರೆಯುವವರು ಬಹುಪಾಲು ನನ್ನಂಥ ಪಾಸ್‌ಪೋರ್ಟ್ ಇರುವವರು, ಆ ಧೈರ್ಯವನ್ನು ನೀವು ಎರವಲು ಪಡೆಯಬೇಡಿ. ಇದು ನ್ಯಾಯವೇ ಎಂದರೆ, ನನ್ನ ಮಟ್ಟಿಗೆ ಅಲ್ಲ. ಅಪರಿಚಿತರೊಬ್ಬರು ನನ್ನ ತಂಗಿಯ ಚಿತ್ರಗಳನ್ನು ಬೆರಳಿನಿಂದ ಸರಿಸುವುದನ್ನು ನೆನೆದರೆ ಮೈ ಉರಿಯುತ್ತದೆ. ಆದರೂ ಕೇಳಿದರೆ ತೆರೆದು ಕೊಡಿ ಎಂದೇ ನಿಮಗೆ ಹೇಳುತ್ತೇನೆ.

ನಿಮ್ಮ ದಾರಿಯಲ್ಲಿ ಒಂದು ವಿಶೇಷವಿದೆ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕುಳಿತು ತಪಾಸಣೆ ಮಾಡುತ್ತಾರೆ. ನ್ಯೂಯಾರ್ಕಿನಲ್ಲಿ ಇಳಿದಾಗ ದೇಶದೊಳಗಿನ ವಿಮಾನದಲ್ಲಿ ಬಂದವರಂತೆ ನೇರ ಹೊರಗೆ ನಡೆಯಬಹುದು. ಅಂದರೆ ನಿಮ್ಮ ಗಡಿ ಅಬುಧಾಬಿಯಲ್ಲಿಯೇ ಇದೆ. ಎರಡು ವಿಮಾನಗಳ ನಡುವೆ ನಾಲ್ಕೈದು ತಾಸು ಇಟ್ಟುಕೊಳ್ಳಿ. ಲಂಡನ್ ಮೂಲಕ ಹೋಗುವ ಗೆಳೆಯರಿದ್ದರೆ ಅವರಿಗೆ ಹೇಳಿ, ಬ್ರಿಟನ್ನಿನಲ್ಲಿ 2000ದ ಭಯೋತ್ಪಾದನಾ ಕಾಯಿದೆಯಡಿ ತಡೆದು ಕೇಳಿದಾಗ ಪಾಸ್‌ವರ್ಡ್ ಕೊಡದಿರುವುದೇ ಅಪರಾಧ. ನ್ಯೂಜಿಲೆಂಡಿನಲ್ಲಿ ಅದಕ್ಕೆ 5,000 ಡಾಲರ್‌ವರೆಗೆ ದಂಡ.

ವಾಟ್ಸ್‌ಆ್ಯಪ್ ಅಳಿಸಬೇಕೇ ಎಂದು ಕೇಳಿದ್ದಿರಿ. ಬೇಡ. ಇಪ್ಪತ್ತೆರಡರ ಹುಡುಗನ ಫೋನ್ ಅಂಗಡಿಯಿಂದ ಈಗಷ್ಟೇ ತಂದಂತೆ ಖಾಲಿ ಇದ್ದರೆ ನಾನು ಅಧಿಕಾರಿಯಾಗಿದ್ದರೂ ಎರಡನೆಯ ಪ್ರಶ್ನೆ ಕೇಳುತ್ತಿದ್ದೆ. ಅದರ ಬದಲು ಈ ವಾರವೇ ಒಂದು ಸಂಜೆ ಕುಳಿತು ಗುಡಿಸಿ. ಮಾಧ್ಯಮಗಳು ತಾನಾಗಿ ಇಳಿಯುವುದನ್ನು ನಿಲ್ಲಿಸಿ, ಬೇಡದ ಗುಂಪುಗಳಿಂದ ಹೊರಬನ್ನಿ (ದೊಡ್ಡಪ್ಪ ಬೇಸರಿಸಿಕೊಂಡರೆ ನನ್ನ ಹೆಸರು ಹೇಳಿ), ನಿಮ್ಮದಲ್ಲದ ಚಿತ್ರಗಳನ್ನು ತೆಗೆದುಹಾಕಿ. ಮನೆಯವರ ಫೋಟೊ, ಬ್ಯಾಂಕಿನ ಕಾಗದಗಳ ಪ್ರತಿಯನ್ನು ಮನೆಯಲ್ಲೊಂದು ಡಿಸ್ಕಿನಲ್ಲಿಟ್ಟು ಬನ್ನಿ. ಇದನ್ನು ಊರಿನಲ್ಲಿ ಮಾಡಬೇಕು. ಸಾಲಿನಲ್ಲಿ ನಿಂತಾಗ, ಅದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಕರೆದ ಮೇಲೆ, ಬೆರಳು ಪರದೆಯ ಮೇಲೆ ಓಡಬಾರದು. ವೀಸಾ ಅರ್ಜಿಯಲ್ಲಿ ಐದು ವರ್ಷಗಳ ಸಾಮಾಜಿಕ ಜಾಲತಾಣದ ಖಾತೆಗಳನ್ನು ಬರೆದುಕೊಟ್ಟಿದ್ದೀರಿ, 2025ರಿಂದ ವಿದ್ಯಾರ್ಥಿಗಳು ಅವನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಎಂದೂ ಹೇಳಿದ್ದಾರೆ. ಅಲ್ಲಿ ಬರೆದದ್ದಕ್ಕೂ ಫೋನಿನಲ್ಲಿ ಇರುವುದಕ್ಕೂ ತಾಳೆಯಾಗಬೇಕು. ಕೇಳಿದ್ದಕ್ಕೆ ನಿಜ ಹೇಳಿ, ಕೇಳದ್ದನ್ನು ಹೇಳಬೇಡಿ. ನಮ್ಮವರಿಗೆ ಎರಡನೆಯದು ಕಷ್ಟ.

ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿರಲಿ. ಅಮ್ಮನ ಸಂಖ್ಯೆ, ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಸಂಖ್ಯೆ, ಇಳಿದುಕೊಳ್ಳುವ ವಿಳಾಸ, ಎಲ್ಲವನ್ನೂ ಕೈಯಿಂದ ಬರೆದುಕೊಳ್ಳಿ. ಐ-20 (ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಪತ್ರ) ಮತ್ತು ಪ್ರವೇಶಪತ್ರ ಕಾಗದದಲ್ಲಿರಲಿ. ಫೋನ್ ಹೋದ ಕ್ಷಣದಲ್ಲಿ ನಮಗೆ ನೆನಪಿರುವ ಸಂಖ್ಯೆ ಒಂದೂ ಇರುವುದಿಲ್ಲ, ಬ್ಯಾಂಕಿನ ಒಟಿಪಿಯೂ ಅದರ ಜೊತೆಗೇ ಹೋಗಿರುತ್ತದೆ. ಹಾಗಾಗಿ ಸ್ವಲ್ಪ ಡಾಲರ್ ನಗದು ಬೇರೆಯೇ ಇಡಿ.

ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಸೂಟ್‌ಕೇಸಿಗೆ ಹಾಕಿದರೆ ಬಜಪೆಯಲ್ಲಿಯೇ ಕರೆಸಿ ತೆಗೆಸುತ್ತಾರೆ. 100 ವಾಟ್-ಅವರ್ ಮಿತಿ. 20,000 ಎಂಎಎಚ್‌ನದ್ದು ಸುಮಾರು 74, ತೊಂದರೆಯಿಲ್ಲ. ಲ್ಯಾಪ್‌ಟಾಪ್ ಕೂಡ ಕೈಚೀಲದಲ್ಲಿರಲಿ, ಚಾರ್ಜ್ ಇರಲಿ, ಆನ್ ಮಾಡಿ ತೋರಿಸಿ ಎನ್ನುವುದುಂಟು. 2017ರ ಮಾರ್ಚ್‌ನಲ್ಲಿ ಅಬುಧಾಬಿ, ದುಬೈ, ದೋಹಾ ಸೇರಿ ಹತ್ತು ನಿಲ್ದಾಣಗಳಿಂದ ಅಮೆರಿಕಕ್ಕೆ ಹೋಗುವವರು ಫೋನಿಗಿಂತ ದೊಡ್ಡ ಯಾವ ಸಾಧನವನ್ನೂ ಒಳಗೆ ಒಯ್ಯುವಂತಿಲ್ಲ ಎಂದಿದ್ದರು. ಆಗ ಕಚೇರಿಯ ಲ್ಯಾಪ್‌ಟಾಪನ್ನು ಕುಚ್ಚಲಕ್ಕಿಯ ಗಂಟುಗಳ ನಡುವೆ ಹೂತು ಕಳುಹಿಸಿದ್ದೆ. ಜುಲೈ ಹೊತ್ತಿಗೆ ಆ ನಿಷೇಧ ಹೋಯಿತು, ಕೀಲಿಮಣೆಯ ಸಂದಿಯಿಂದ ಅಕ್ಕಿಯ ನುಚ್ಚು ಇನ್ನೂ ಒಂದು ವರ್ಷ ಉದುರುತ್ತಿತ್ತು.

ಮಿಕ್ಸರ್ ತರಬೇಡಿ. ಗಡಿಯಲ್ಲಿ ಯಾರೂ ತಡೆಯುವುದಿಲ್ಲ, ಆದರೆ ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಫೋನು, ಲ್ಯಾಪ್‌ಟಾಪುಗಳ ಚಾರ್ಜರ್ ಎರಡಕ್ಕೂ ಹೊಂದಿಕೊಳ್ಳುತ್ತದೆ, ಬೇಕಾಗುವುದು ಪಿನ್ ಬದಲಿಸುವ ಅಡಾಪ್ಟರ್ ಮಾತ್ರ. ಊರಿನ ಮಿಕ್ಸರ್ ಮಾತ್ರ ಅಲ್ಲಿ ಮುಲುಗುತ್ತದೆ, ತೆಂಗಿನಕಾಯಿ ನುಣ್ಣಗಾಗುವುದಿಲ್ಲ. 110 ವೋಲ್ಟಿನ ಭಾರತದ ಮಿಕ್ಸರ್ ಅಲ್ಲಿಯ ನಮ್ಮವರ ಅಂಗಡಿಗಳಲ್ಲಿಯೇ ಸಿಗುತ್ತದೆ. ಆ ಐದು ಕಿಲೋ ಜಾಗದಲ್ಲಿ ಅಮ್ಮ ಏನು ತುಂಬಿಸುತ್ತಾರೋ ತುಂಬಿಸಲಿ, ಅದನ್ನು ನೀವೂ ಪಕ್ಕದಲ್ಲಿ ಕುಳಿತು ನೋಡಿ.