ಗಂಟು ಟೈಟ್, ಹಗ್ಗ ಟಾಟ್

ಪ್ರಶ್ನೆ: ಇಂಗ್ಲಿಷ್ ಸಿನಿಮಾ ವಿಮರ್ಶೆಯೊಂದರಲ್ಲಿ ‘ಟಾಟ್ ಥ್ರಿಲ್ಲರ್’ (taut thriller) ಎಂದಿತ್ತು. ನಿಘಂಟು ನೋಡಿದರೆ ‘ಬಿಗಿಯಾದ’ ಎಂಬ ಅರ್ಥವಿದೆ. ಟೈಟ್ ಬರುವಲ್ಲೆಲ್ಲ ಟಾಟ್ ಬಳಸಬಹುದೇ?

ಉತ್ತರ: ಬಳಸಬಾರದು. ಕನ್ನಡದಲ್ಲಿ ಅಂಗಿಯೂ ಬಿಗಿ, ಡಬ್ಬಿಯ ಮುಚ್ಚಳವೂ ಬಿಗಿ, ಪೊಲೀಸ್ ಬಂದೋಬಸ್ತೂ ಬಿಗಿ. ಗೊಂದಲ ಹುಟ್ಟುವುದೇ ಇಲ್ಲಿ, ಏಕೆಂದರೆ ಇಂಗ್ಲಿಷಿನಲ್ಲಿ ಈ ಮೂರಕ್ಕೂ ಟೈಟ್ ಮಾತ್ರ ಸಲ್ಲುತ್ತದೆ. ಟಾಟ್ ಎಂಬುದು ಎಳೆತದಿಂದ ಬಂದ ಬಿಗಿ. ಜೋಲದೆ ಸೆಟೆದು ನಿಂತ ಹಗ್ಗ, ಶ್ರುತಿಗೆ ತಂದ ತಂಬೂರಿಯ ತಂತಿ, ಮದ್ದಳೆಗೆ ಬಿಗಿದ ಚರ್ಮ, ಗಾಳಿ ತುಂಬಿದ ಹಾಯಿ ಇವೆಲ್ಲ ಟಾಟ್. ಲಾರಿಯ ಮೇಲೆ ಎಳೆದು ಕಟ್ಟಿದ ಟಾರ್ಪಾಲು ಟಾಟ್, ಅದನ್ನು ಹಿಡಿದಿಟ್ಟ ಗಂಟು ಟೈಟ್.

ಅನುಮಾನ ಬಂದರೆ ವಿರುದ್ಧ ಪದ ಹಾಕಿ ನೋಡಿ. ‘ಸ್ಲ್ಯಾಕ್’, ಅಂದರೆ ಜೋಲುಬಿದ್ದದ್ದು, ಹೊಂದಿದರೆ ಟಾಟ್ ನಡೆಯುತ್ತದೆ. ‘ಲೂಸ್’ ಮಾತ್ರ ಹೊಂದುವ ಬೂಟು, ಮುಚ್ಚಳ, ಸ್ಕ್ರೂಗಳಿಗೆ ಟೈಟ್. ಹಗ್ಗಕ್ಕೆ ಟೈಟ್ ಎಂದರೂ ತಪ್ಪಲ್ಲ. ಬೂಟಿಗೆ ಟಾಟ್ ಎಂದರೆ ತಪ್ಪು.

ದೇಹದ ವಿಷಯದಲ್ಲಿ ಎಚ್ಚರ ಬೇಕು. ‘ಟಾಟ್ ಮಸಲ್ಸ್’ ಎಂದರೆ ಸಾಮಾನ್ಯವಾಗಿ ವ್ಯಾಯಾಮದಿಂದ ಹುರಿಗಟ್ಟಿದ ಸ್ನಾಯು, ಹೊಗಳಿಕೆ. ಫಿಸಿಯೊಥೆರಪಿಸ್ಟ್ ‘ಟೈಟ್ ಮಸಲ್ಸ್’ ಎಂದರೆ ಸ್ನಾಯು ಬಿಗಿದುಕೊಂಡಿದೆ, ಹಿಗ್ಗಿಸುವ ವ್ಯಾಯಾಮ ಬೇಕು ಎಂದರ್ಥ. ಮುಖ ಅಥವಾ ದನಿಗೆ ಟಾಟ್ ಸೇರಿದರೆ ಅದು ಆತಂಕವನ್ನೋ ಅದುಮಿಟ್ಟ ಸಿಟ್ಟನ್ನೋ ಸೂಚಿಸುತ್ತದೆ.

ನೀವು ಓದಿದ ‘ಟಾಟ್ ಥ್ರಿಲ್ಲರ್’ ಕೂಡ ಇದೇ ಎಳೆತದ ಅರ್ಥದಿಂದ ಬಂದದ್ದು: ಅನಗತ್ಯ ದೃಶ್ಯವಿಲ್ಲ, ಕುತೂಹಲ ಎಲ್ಲೂ ಸಡಿಲವಾಗುವುದಿಲ್ಲ. ವಿಮರ್ಶಕರು ಮೆಚ್ಚಿ ಬಳಸುವ ಪದವಿದು. ಆದರೆ ವೇಳಾಪಟ್ಟಿ, ಬಜೆಟ್, ಗಡುವುಗಳ ಬಿಗಿಗೆ ಟೈಟ್ ಮಾತ್ರ.

ವ್ಯಾಕರಣದಲ್ಲಿ ಹೆಚ್ಚು ಜನ ಎಡವುವುದು ‘ಪುಲ್ ದ ರೋಪ್ ಟಾಟ್‌ಲಿ’ ಎಂದು ಬರೆಯುವಾಗ. ‘ಪುಲ್ ದ ರೋಪ್ ಟಾಟ್’ ಎನ್ನಬೇಕು. ಎಳೆದ ಮೇಲೆ ಹಗ್ಗ ಹೇಗಾಯಿತು ಎಂಬುದನ್ನು ಆ ಪದ ಹೇಳುತ್ತದೆ, ಎಳೆದ ರೀತಿಯನ್ನಲ್ಲ. ಬಿಗಿಗೊಳಿಸು ಎಂಬ ಕ್ರಿಯಾಪದ ಬೇಕಿದ್ದರೆ ‘ಟಾಟನ್’ ಇದೆ.

ಉಚ್ಚಾರಣೆ ‘ಕಲಿಸಿದ’ ಎಂಬ ಅರ್ಥದ ಟಾಟ್‌ನದ್ದೇ (taught). ಬಾಲ್, ಕಾಲ್‌ಗಳಲ್ಲಿ ಬರುವ ಸ್ವರ. ಕಾಗುಣಿತದಲ್ಲಿ ಮಾತ್ರ ನಾಲ್ಕೇ ಅಕ್ಷರ: ಟಿ, ಎ, ಯು, ಟಿ. ನಡುವೆ ಒಂದು ಎನ್ ನುಸುಳಿದರೆ ಅದು ಹಂಗಿಸುವ ‘ಟಾಂಟ್’ ಆಗಿಬಿಡುತ್ತದೆ.